ಅಮೆರಿಕಾದಲ್ಲಿ ಎಂಎಸ್‌ಡಬ್ಲ್ಯೂ ಮಾಡೋಕೆ ಹೊರಟಿದ್ದೀರಾ? ಫೀಸ್ ಕಟ್ಟೋ ಮುಂಚೆ ಅಕ್ರೆಡಿಟೇಶನ್ ಹೀಗೆ ನೋಡ್ಕೊಳ್ಳಿ

"ಯಾವ ಕಾಲೇಜ್ ಒಳ್ಳೇದು ಅಕ್ಕ?" ಅಂತ ಕೇಳೋರೇ ಜಾಸ್ತಿ. ನನ್ ಪ್ರಕಾರ ಅದು ಎರಡನೇ ಪ್ರಶ್ನೆ. ಮೊದಲು ಕೇಳಬೇಕಾಗಿರೋದು, ಆ ಎಂಎಸ್‌ಡಬ್ಲ್ಯೂ (ಮಾಸ್ಟರ್ ಆಫ್ ಸೋಶಿಯಲ್ ವರ್ಕ್) ಪ್ರೋಗ್ರಾಮ್‌ಗೆ ಸಿಎಸ್‌ಡಬ್ಲ್ಯೂಇ ಅನ್ನೋ ಸಂಸ್ಥೆಯ ಅಕ್ರೆಡಿಟೇಶನ್, ಅಂದ್ರೆ ಮಾನ್ಯತೆ, ಇದ್ಯಾ ಇಲ್ವಾ ಅಂತ. ಇಲ್ಲ ಅಂದ್ರೆ ಯೂನಿವರ್ಸಿಟಿ ಎಷ್ಟೇ ದೊಡ್ಡದಿರಲಿ, ಕ್ಯಾಂಪಸ್ ಎಷ್ಟೇ ಚೆನ್ನಾಗಿರಲಿ, ಓದಿ ಮುಗಿಸಿದ ಮೇಲೆ ಹೆಚ್ಚುಕಮ್ಮಿ ಎಲ್ಲಾ ಸ್ಟೇಟ್‌ಗಳಲ್ಲೂ ಸೋಶಿಯಲ್ ವರ್ಕರ್ ಲೈಸೆನ್ಸ್ ಹತ್ರ ಹೋಗಿ ನಿಂತಾಗ ಬಾಗಿಲು ತೆಗೆಯಲ್ಲ.

ನಾನು ಮೈಸೂರಲ್ಲಿ ಎಂಎಸ್‌ಡಬ್ಲ್ಯೂ ಮುಗಿಸಿ, ಮದುವೆ ಆಗಿ ಇಲ್ಲಿಗೆ ಬಂದೋಳು. ಬಂದ ಮೊದಲ ವರ್ಷದಲ್ಲೇ ಮನೆ ಹತ್ರದ ಒಂದು ಕಾಲೇಜಲ್ಲಿ ಹ್ಯೂಮನ್ ಸರ್ವೀಸಸ್ ಅಂತ ಒಂದು ಮಾಸ್ಟರ್ಸ್ ಇತ್ತು, ಅಡ್ಮಿಷನ್ ಆಫೀಸ್‌ನೋರು ಇದೂ ಸೋಶಿಯಲ್ ವರ್ಕೇ, ಮುಂದೆ ಲೈಸೆನ್ಸ್‌ಗೂ ನಡಿಯತ್ತೆ ಅಂದ್ರು, ನಾನೂ ನಂಬಿ ಡೆಪಾಸಿಟ್ ಕಟ್ಟಿಬಿಟ್ಟೆ. ಪಕ್ಕದ ಮನೆಯಲ್ಲಿ ಆಸ್ಪತ್ರೆ ಸೋಶಿಯಲ್ ವರ್ಕರ್ ಆಗಿದ್ದ ಒಬ್ಬರು ಆಂಟಿ ಇದ್ರು, ಅವರು ಆ ಬ್ರೋಶರ್ ತಿರುಗಿಸಿ ನೋಡಿ "ಇದ್ರಲ್ಲಿ ಸಿಎಸ್‌ಡಬ್ಲ್ಯೂಇ ಅನ್ನೋ ಪದಾನೇ ಇಲ್ವಲ್ಲ" ಅಂದಾಗಲೇ ನಂಗೆ ಆ ಹೆಸರು ಗೊತ್ತಾಗಿದ್ದು. ಡೆಪಾಸಿಟ್ ವಾಪಸ್ ಬರ್ಲಿಲ್ಲ. ಆ ದುಡ್ಡು ಇನ್ಯಾರದ್ದೂ ಹೋಗ್ಬಾರ್ದು ಅಂತ ಇಷ್ಟು ಬರೀತಿದೀನಿ.

ಮೊದಲು ನಮ್ಮ ತಲೇಲಿರೋ ನ್ಯಾಕ್ ಲೆಕ್ಕ ಪಕ್ಕಕ್ಕಿಡಿ

ನಮ್ ಕಡೆ ಅಕ್ರೆಡಿಟೇಶನ್ ಅಂದ ತಕ್ಷಣ ನೆನಪಾಗೋದು ನ್ಯಾಕ್, ಕಾಲೇಜು-ಯೂನಿವರ್ಸಿಟಿಗಳನ್ನ ಅಳೆಯೋ ಸಂಸ್ಥೆ. 1994ರಲ್ಲಿ ಶುರುವಾಗಿದ್ದು, ಆಫೀಸ್ ನಮ್ಮ ಬೆಂಗಳೂರಿನ ನಾಗರಭಾವಿಯಲ್ಲೇ ಇದೆ. ಆದ್ರೆ ನ್ಯಾಕ್ ಗ್ರೇಡ್ ಕೊಡೋದು ಇಡೀ ಸಂಸ್ಥೆಗೆ. ಕಾಲೇಜ್‌ಗೆ ಎ ಪ್ಲಸ್ ಪ್ಲಸ್ ಬಂದಿದೆ ಅಂದ್ರೆ ಅಲ್ಲಿನ ಸೋಶಿಯಲ್ ವರ್ಕ್ ಡಿಪಾರ್ಟ್‌ಮೆಂಟಲ್ಲಿ ಫೀಲ್ಡ್‌ವರ್ಕ್ ನೆಟ್ಟಗೆ ನಡೀತಿದೆ ಅಂತ ಅದರರ್ಥ ಅಲ್ಲ. ವಕೀಲಿಕೆಗೆ ಬಾರ್ ಕೌನ್ಸಿಲ್, ನರ್ಸಿಂಗ್‌ಗೆ ನರ್ಸಿಂಗ್ ಕೌನ್ಸಿಲ್ ಇದ್ದ ಹಾಗೆ ಸೋಶಿಯಲ್ ವರ್ಕ್ ಪೂರ್ತಿಗೆ ಅಂತ ಒಂದು ಕೌನ್ಸಿಲ್ ನಮ್ಮ ದೇಶದಲ್ಲಿ ಬರ್ಲೇ ಇಲ್ಲ. ಮುಂಬೈನ ಟಾಟಾ ಇನ್‌ಸ್ಟಿಟ್ಯೂಟ್ ಶುರುವಾಗಿದ್ದು 1936ರಲ್ಲಿ, ಮಂಗಳೂರಿನ ರೋಶನಿ ನಿಲಯ 1960ರಲ್ಲಿ, ಇಷ್ಟು ಹಳೇ ಪರಂಪರೆ ಇಟ್ಕೊಂಡೂ ಕೌನ್ಸಿಲ್ ಇಲ್ಲ ಅನ್ನೋದು ನಂಗಂತೂ ತುಂಬಾ ನೋವಿನ ವಿಷಯ. 2021ರ ಅಲೈಡ್ ಅಂಡ್ ಹೆಲ್ತ್‌ಕೇರ್ ಪ್ರೊಫೆಶನ್ಸ್ ಕಾಯ್ದೆಯ ಪಟ್ಟಿಯಲ್ಲಿ ಮೆಡಿಕಲ್, ಸೈಕಿಯಾಟ್ರಿಕ್, ಕ್ಲಿನಿಕಲ್ ಸೋಶಿಯಲ್ ವರ್ಕರ್‌ಗಳನ್ನ ಸೇರಿಸಿದಾರೆ, ಅದೊಂದು ದೊಡ್ಡ ಹೆಜ್ಜೆನೇ, ಆದ್ರೆ ಅದು ಆರೋಗ್ಯ ಕ್ಷೇತ್ರದ ಕಡೆಯಿಂದ ಬಂದಿದ್ದು.

ಅಮೆರಿಕಾದಲ್ಲಿ ಎರಡು ಪದರ ಇದೆ. ಇಡೀ ಯೂನಿವರ್ಸಿಟಿಗೆ ಒಂದು ಅಕ್ರೆಡಿಟೇಶನ್, ಇದು ನಮ್ಮ ನ್ಯಾಕ್ ಥರ, ಹೈಯರ್ ಲರ್ನಿಂಗ್ ಕಮಿಷನ್, ಮಿಡಲ್ ಸ್ಟೇಟ್ಸ್ ಅಂತೆಲ್ಲ ಬೇರೆಬೇರೆ ಸಂಸ್ಥೆಗಳು ಕೊಡ್ತವೆ. ಅದರ ಮೇಲೆ ಸೋಶಿಯಲ್ ವರ್ಕ್ ಡಿಗ್ರಿಗೇ ಅಂತ ಇನ್ನೊಂದು, ಅದನ್ನ ಕೊಡೋದು ಕೌನ್ಸಿಲ್ ಆನ್ ಸೋಶಿಯಲ್ ವರ್ಕ್ ಎಜುಕೇಶನ್, ಅಂದ್ರೆ ಸಿಎಸ್‌ಡಬ್ಲ್ಯೂಇ. 1952ರಲ್ಲಿ ಶುರುವಾದ ಸಂಸ್ಥೆ. "ನಮ್ದು ಫುಲ್ಲಿ ಅಕ್ರೆಡಿಟೆಡ್ ಯೂನಿವರ್ಸಿಟಿ" ಅಂತ ಫೋನಲ್ಲಿ ಹೇಳಿದ್ರೆ ಅದು ಮೊದಲನೇ ಪದರದ ಮಾತು, ಸುಳ್ಳಲ್ಲ, ಆದ್ರೆ ನೀವು ಕೇಳಿದ್ದಕ್ಕೆ ಉತ್ತರ ಅದಲ್ಲ. ನಂಗೆ ಹೇಳಿದ್ದೂ ಹೀಗೇ.

ಸ್ಟೆಪ್ 1: ಸಿಎಸ್‌ಡಬ್ಲ್ಯೂಇ ಡೈರೆಕ್ಟರಿಯಲ್ಲಿ ಹುಡುಕಿ, ಸ್ಟೇಟಸ್ ಓದಿ

ಕಾಲೇಜಿನ ವೆಬ್‌ಸೈಟ್‌ನಲ್ಲಿರೋ ಲೋಗೋ ನಂಬಬೇಡಿ, ಸಿಎಸ್‌ಡಬ್ಲ್ಯೂಇಯದೇ ಸೈಟ್‌ಗೆ ಹೋಗಿ, ಅಕ್ರೆಡಿಟೆಡ್ ಪ್ರೋಗ್ರಾಮ್‌ಗಳ ಡೈರೆಕ್ಟರಿ ಫ್ರೀಯಾಗೇ ಸಿಗತ್ತೆ. ಅಲ್ಲಿ ಬಿಎಸ್‌ಡಬ್ಲ್ಯೂ (ಸೋಶಿಯಲ್ ವರ್ಕ್ ಬ್ಯಾಚುಲರ್ಸ್ ಡಿಗ್ರಿ) ಬೇರೆ, ಎಂಎಸ್‌ಡಬ್ಲ್ಯೂ ಬೇರೆ ಇರತ್ತೆ, ಒಂದೇ ಕಾಲೇಜಲ್ಲಿ ಬಿಎಸ್‌ಡಬ್ಲ್ಯೂಗೆ ಅಕ್ರೆಡಿಟೇಶನ್ ಇದ್ದು ಎಂಎಸ್‌ಡಬ್ಲ್ಯೂ ಹೊಸದಾಗಿ ಶುರು ಮಾಡಿರೋದೂ ಉಂಟು, ಅದಕ್ಕೆ ಎರಡನ್ನೂ ಬಿಡಿಸಿ ನೋಡಿ. ಪಿಎಚ್‌ಡಿಗೆ ಸಿಎಸ್‌ಡಬ್ಲ್ಯೂಇ ಅಕ್ರೆಡಿಟೇಶನ್ ಇರೋದೇ ಇಲ್ಲ, ಅದು ಕಾಣ್ಲಿಲ್ಲ ಅಂತ ಗಾಬರಿ ಆಗ್ಬೇಡಿ.

ಹೆಸರು ಸಿಕ್ಕ ಮೇಲೆ ಪಕ್ಕದಲ್ಲಿರೋ ಸ್ಟೇಟಸ್ ಓದಿ. ಅಕ್ರೆಡಿಟೆಡ್ ಅಂತ ಇದ್ರೆ ನಿಶ್ಚಿಂತೆ. ಕ್ಯಾಂಡಿಡಸಿ ಅಂತ ಇದ್ರೆ ಪ್ರೋಗ್ರಾಮ್ ಹೊಸದು, ಸಾಮಾನ್ಯವಾಗಿ ಮೂರು ವರ್ಷ ಹಿಡಿಯೋ ದಾರಿಯಲ್ಲಿದೆ, ಬೆಂಚ್‌ಮಾರ್ಕ್ ಒಂದು, ಎರಡು, ಮೂರು ಅಂತ ಒಂದೊಂದೇ ಹಂತ ದಾಟ್ತಾ ಬರಬೇಕು. ಇಲ್ಲಿ ಒಂದು ನಿಯಮ ಬಾಯಿಪಾಠ ಮಾಡ್ಕೊಳ್ಳಿ: ನೀವು ಸೇರಿದ ಅಕಾಡೆಮಿಕ್ ವರ್ಷದಲ್ಲಿ ಅಥವಾ ಅದಕ್ಕೂ ಮುಂಚೆ ಪ್ರೋಗ್ರಾಮ್‌ಗೆ ಕ್ಯಾಂಡಿಡಸಿ ಸಿಕ್ಕಿದ್ದು, ಮುಂದೆ ಅದಕ್ಕೆ ಪೂರ್ತಿ ಅಕ್ರೆಡಿಟೇಶನ್ ಬಂದ್ರೆ, ನಿಮ್ಮ ಡಿಗ್ರಿನೂ ಅಕ್ರೆಡಿಟೆಡ್ ಡಿಗ್ರಿ ಅಂತಲೇ ಲೆಕ್ಕ. ಅಂದ್ರೆ ಕ್ಯಾಂಡಿಡಸಿ ಪ್ರೋಗ್ರಾಮ್‌ಗೆ ಸೇರೋದು ತಪ್ಪಲ್ಲ, ಆದ್ರೆ ಅಕ್ರೆಡಿಟೇಶನ್ ಬರದೇ ಹೋದ್ರೆ ರಿಸ್ಕ್ ನಿಮ್ಮ ತಲೆ ಮೇಲೇ. ಪ್ರೀ-ಕ್ಯಾಂಡಿಡಸಿ ಅಂತ ಇದ್ರೆ ಇನ್ನೂ ಸಾಲಿನಲ್ಲಿ ನಿಂತಿದಾರೆ ಅಷ್ಟೇ, ಸಾಲ ಮಾಡಿ ಓದೋರಿಗೆ ನಾನು ಅಲ್ಲಿ ಸೇರಿ ಅಂತ ಹೇಳೋದೇ ಇಲ್ಲ.

ಆನ್‌ಲೈನ್ ಎಂಎಸ್‌ಡಬ್ಲ್ಯೂ ಬಗ್ಗೆ ತುಂಬಾ ಜನ ಅನುಮಾನ ಪಡ್ತಾರೆ. ಮಕ್ಕಳು ಚಿಕ್ಕವರಿದ್ರೆ ಆನ್‌ಲೈನೇ ಅನುಕೂಲ, ಅಕ್ರೆಡಿಟೇಶನ್ ಇದ್ರೆ ಅದರ ಬೆಲೆ ಕ್ಯಾಂಪಸ್ ಡಿಗ್ರಿಗಿಂತ ಕಡಿಮೆ ಅಲ್ಲ, ಆದ್ರೆ ನೀವಿರೋ ಸ್ಟೇಟ್‌ನಲ್ಲಿ ಆ ಯೂನಿವರ್ಸಿಟಿಗೆ ಸ್ಟೂಡೆಂಟ್ಸ್ ತಗೊಳ್ಳೋ ಅನುಮತಿ ಇದ್ಯಾ, ನಿಮ್ಮೂರಲ್ಲಿ ಪ್ಲೇಸ್‌ಮೆಂಟ್, ಅಂದ್ರೆ ಫೀಲ್ಡ್‌ವರ್ಕ್ ಮಾಡೋ ಜಾಗ, ಅವರೇ ಹುಡುಕಿಕೊಡ್ತಾರಾ ಅಥವಾ ನೀವೇ ಬೀದಿ ಬೀದಿ ಅಲೀಬೇಕಾ ಅನ್ನೋದನ್ನ ಮೊದಲೇ ಇಮೇಲ್‌ನಲ್ಲಿ ಬರೆಸ್ಕೊಳ್ಳಿ.

ಸ್ಟೆಪ್ 2: ಇಪಾಸ್ ಅಂದ್ರೇನು, ಅದ್ರಲ್ಲಿ ಏನು ನೋಡ್ಬೇಕು

ಸಿಎಸ್‌ಡಬ್ಲ್ಯೂಇ ಯಾವ ಅಳತೆಗೋಲು ಇಟ್ಕೊಂಡು ಪ್ರೋಗ್ರಾಮ್‌ಗಳನ್ನ ಅಳೆಯತ್ತೋ ಅದರ ಹೆಸರು ಎಜುಕೇಶನಲ್ ಪಾಲಿಸಿ ಅಂಡ್ ಅಕ್ರೆಡಿಟೇಶನ್ ಸ್ಟ್ಯಾಂಡರ್ಡ್ಸ್, ಎಲ್ಲರೂ ಇಪಾಸ್ ಅಂತಾರೆ. ಹಿಂದಿನದು 2015ರದ್ದು, ಅದಾದ ಮೇಲೆ ಬಂದಿದ್ದು 2022ರದ್ದು. ಅದ್ರಲ್ಲಿ ಐದು ಭಾಗ: ಪ್ರೋಗ್ರಾಮ್‌ನ ಮಿಷನ್, ಆ್ಯಂಟಿ-ರೇಸಿಸಂ ಮತ್ತು ಡೈವರ್ಸಿಟಿ, ಎಕ್ಸ್‌ಪ್ಲಿಸಿಟ್ ಕರಿಕ್ಯುಲಮ್ ಅಂದ್ರೆ ಪಾಠ ಮತ್ತು ಫೀಲ್ಡ್, ಇಂಪ್ಲಿಸಿಟ್ ಕರಿಕ್ಯುಲಮ್ ಅಂದ್ರೆ ಅಡ್ಮಿಷನ್, ಫ್ಯಾಕಲ್ಟಿ, ಆಡಳಿತ, ದುಡ್ಡು-ಸೌಕರ್ಯ ಇತ್ಯಾದಿ, ಕೊನೇಲಿ ಅಸೆಸ್‌ಮೆಂಟ್. ಪೂರ್ತಿ ಡಾಕ್ಯುಮೆಂಟ್ ಓದೋ ಅಗತ್ಯ ಇಲ್ಲ, ಆದ್ರೆ ಒಂಬತ್ತು ಕಾಂಪಿಟೆನ್ಸಿಗಳ, ಅಂದ್ರೆ ಸ್ಟೂಡೆಂಟ್ ಕಲಿತಿರಬೇಕಾದ ಸಾಮರ್ಥ್ಯಗಳ, ಪುಟ ಮಾತ್ರ ಓದಿ. ಎಥಿಕ್ಸ್, ಮಾನವ ಹಕ್ಕು ಮತ್ತು ನ್ಯಾಯ, ವೈವಿಧ್ಯತೆ, ರಿಸರ್ಚ್, ಪಾಲಿಸಿ, ಆಮೇಲೆ ಎಂಗೇಜ್, ಅಸೆಸ್, ಇಂಟರ್ವೀನ್, ಇವ್ಯಾಲ್ಯುಯೇಟ್. ಕೊನೇ ನಾಲ್ಕು ನೋಡಿದ್ರೆ ನಮ್ಮ ಕೇಸ್‌ವರ್ಕ್ ಪೇಪರ್‌ನ ಇನ್‌ಟೇಕ್, ಸ್ಟಡಿ, ಡಯಾಗ್ನೋಸಿಸ್, ಟ್ರೀಟ್‌ಮೆಂಟ್ ನೆನಪಾಗತ್ತೆ, ಊರಲ್ಲಿ ಓದಿದ್ದು ಯಾವುದೂ ವ್ಯರ್ಥ ಆಗಿಲ್ಲ ಅಂತ ನಂಗೆ ಧೈರ್ಯ ಬಂದಿದ್ದು ಆ ಪುಟ ಓದಿದಾಗಲೇ.

ಈಗ ಉಪಯೋಗಕ್ಕೆ ಬರೋ ವಿಷಯ. ಪ್ರತಿ ಪ್ರೋಗ್ರಾಮೂ ಈ ಒಂಬತ್ತರಲ್ಲಿ ತನ್ನ ಸ್ಟೂಡೆಂಟ್ಸ್ ಎಷ್ಟು ಪರ್ಸೆಂಟ್ ಪಾಸ್ ಮಟ್ಟ ಮುಟ್ಟಿದ್ರು ಅನ್ನೋ ಟೇಬಲ್‌ನ ತನ್ನ ವೆಬ್‌ಸೈಟಲ್ಲಿ ಎಲ್ಲರಿಗೂ ಕಾಣೋ ಹಾಗೆ ಹಾಕಲೇಬೇಕು, ಕನಿಷ್ಠ ಎರಡು ವರ್ಷಕ್ಕೊಮ್ಮೆ ಹೊಸದು ಮಾಡ್ಬೇಕು. ಆ ಟೇಬಲ್ ಹುಡುಕಿ. ಆ ಪಾಸ್ ಮಟ್ಟಾನ ಪ್ರೋಗ್ರಾಮೇ ತನಗೆ ತಾನೇ ಇಟ್ಕೊಳ್ಳೋದ್ರಿಂದ ನಂಬರ್ ದೊಡ್ಡದಿದೆ ಅಂತ ಹಿಗ್ಗಬೇಡಿ, ಎಲ್ಲಾ ಸಾಲಿನಲ್ಲೂ ನೂರಕ್ಕೆ ನೂರು ಅಂತಿದ್ರೆ ನಂಗೆ ಅನುಮಾನಾನೇ ಬರತ್ತೆ. ನೋಡ್ಬೇಕಾಗಿರೋದು ಟೇಬಲ್ ಇದ್ಯಾ, ಯಾವ ವರ್ಷದ್ದು, ಯಾವ ಕಾಂಪಿಟೆನ್ಸಿ ಕೆಳಗಿದೆ ಅನ್ನೋದು. ನಾಲ್ಕು ವರ್ಷದ ಹಳೇ ಟೇಬಲ್ ತೂಗಾಡ್ತಿದ್ರೆ ಆ ಡಿಪಾರ್ಟ್‌ಮೆಂಟಲ್ಲಿ ಮನೆ ನೋಡ್ಕೊಳ್ಳೋರು ಇಲ್ಲ ಅಂತಲೇ ನಾನು ತಿಳ್ಕೊಳ್ಳೋದು.

ಫ್ಯಾಕಲ್ಟಿ ಲೆಕ್ಕಾನೂ ಕೇಳಿ, ಎಂಎಸ್‌ಡಬ್ಲ್ಯೂಗೆ ಸಾಮಾನ್ಯವಾಗಿ ಹನ್ನೆರಡು ಸ್ಟೂಡೆಂಟ್ಸ್‌ಗೆ ಒಬ್ಬರು, ಬಿಎಸ್‌ಡಬ್ಲ್ಯೂಗೆ ಇಪ್ಪತ್ತೈದಕ್ಕೆ ಒಬ್ಬರು.

ಸ್ಟೆಪ್ 3: ಫೀಲ್ಡ್. ಇದನ್ನ ನಿಧಾನಕ್ಕೆ ಓದಿ

ಇಪಾಸ್‌ನಲ್ಲಿ ಫೀಲ್ಡ್ ಎಜುಕೇಶನ್‌ನ ಸಿಗ್ನೇಚರ್ ಪೆಡಗಾಜಿ ಅಂತ ಕರೀತಾರೆ, ಅಂದ್ರೆ ಈ ವೃತ್ತಿ ಕಲಿಯೋ ಮುಖ್ಯ ದಾರಿನೇ ಅದು, ಕ್ಲಾಸ್‌ರೂಮ್‌ಗೆ ಬಾಲಂಗೋಚಿ ಅಲ್ಲ. ಕನಿಷ್ಠ ಗಂಟೆ ಫಿಕ್ಸ್: ಬಿಎಸ್‌ಡಬ್ಲ್ಯೂಗೆ 400, ಎಂಎಸ್‌ಡಬ್ಲ್ಯೂಗೆ 900. ಕೋವಿಡ್ ಟೈಮಲ್ಲಿ ಮಾತ್ರ ಇದನ್ನ ಶೇಕಡಾ 85ಕ್ಕೆ ಇಳಿಸಿದ್ರು, ಅಂದ್ರೆ 340 ಮತ್ತು 765, ಅದಕ್ಕಿಂತ ಕೆಳಗೆ ಅವಾಗ್ಲೂ ಬಿಡ್ಲಿಲ್ಲ. ಈಗ ಯಾರಾದ್ರೂ ನಿಮಗೆ ಫೀಲ್ಡ್ ಇಲ್ಲದ ಎಂಎಸ್‌ಡಬ್ಲ್ಯೂ, ಆರುನೂರು ಗಂಟೆಯ ಎಂಎಸ್‌ಡಬ್ಲ್ಯೂ ಅಂದ್ರೆ ಅಲ್ಲಿಗೇ ಮಾತು ನಿಲ್ಲಿಸಿ.

ಗಂಟೆಗಿಂತ ಮುಖ್ಯ ಯಾರ ಕೈಕೆಳಗೆ ಕಲೀತೀರಿ ಅನ್ನೋದು. ಎಂಎಸ್‌ಡಬ್ಲ್ಯೂ ಸ್ಟೂಡೆಂಟ್‌ಗೆ ಫೀಲ್ಡ್ ಇನ್‌ಸ್ಟ್ರಕ್ಟರ್ ಆಗೋರಿಗೆ ಸೋಶಿಯಲ್ ವರ್ಕ್‌ನಲ್ಲೇ ಮಾಸ್ಟರ್ಸ್ ಇರ್ಬೇಕು, ಡಿಗ್ರಿ ಆದ ಮೇಲೆ ಎರಡು ವರ್ಷದ ಅನುಭವ ಇರ್ಬೇಕು. ಏಜೆನ್ಸಿಯಲ್ಲಿ, ಅಂದ್ರೆ ನೀವು ಫೀಲ್ಡ್ ಮಾಡೋ ಸಂಸ್ಥೆಯಲ್ಲಿ, ಅಂಥವರು ಇಲ್ದಿದ್ರೆ ಆ ಜವಾಬ್ದಾರಿ ಪ್ರೋಗ್ರಾಮ್ ತಗೋಬೇಕು. ಅದಕ್ಕೆ ಫೀಲ್ಡ್ ಡೈರೆಕ್ಟರ್‌ಗೆ ಮೇಲ್ ಹಾಕುವಾಗ ನಾನು ಎಲ್ಲರಿಗೂ ಕೇಳೋಕೆ ಹೇಳೋದು ಇಷ್ಟು: ವಾರಕ್ಕೆ ಎಷ್ಟು ದಿನ ಫೀಲ್ಡ್, ಸೂಪರ್ವಿಷನ್ ವಾರಕ್ಕೆ ಎಷ್ಟು ಹೊತ್ತು, ಅದು ಒಬ್ಬೊಬ್ಬರಿಗೇನಾ ಗುಂಪಿನಲ್ಲಾ, ಸಂಜೆ ಅಥವಾ ವೀಕೆಂಡ್ ಪ್ಲೇಸ್‌ಮೆಂಟ್ ನಿಜವಾಗ್ಲೂ ಸಿಗತ್ತಾ, ಏಜೆನ್ಸಿಯಲ್ಲಿ ಎಂಎಸ್‌ಡಬ್ಲ್ಯೂ ಆದೋರು ಇಲ್ದಿದ್ರೆ ಏನು ಮಾಡ್ತೀರಾ, ಪ್ಲೇಸ್‌ಮೆಂಟ್ ಮಧ್ಯದಲ್ಲಿ ಮುರಿದುಬಿದ್ರೆ ಹಾಕಿದ ಗಂಟೆಗಳ ಗತಿ ಏನು. ಕೊನೇ ಪ್ರಶ್ನೆಗೆ ನೇರ ಉತ್ತರ ಕೊಡೋರು ಒಳ್ಳೇ ಫೀಲ್ಡ್ ಆಫೀಸ್‌ನೋರು.

ಆಮೇಲೆ ಇಲ್ಲಿ ಮತ್ತೆ ಎಂಎಸ್‌ಡಬ್ಲ್ಯೂ ಓದುವಾಗ ನಂಗೆ ಮೊದಲ ವರ್ಷ ಸಿಕ್ಕಿದ್ದು ಒಂದು ನರ್ಸಿಂಗ್ ಹೋಮ್, ಇಲ್ಲಿ ನರ್ಸಿಂಗ್ ಹೋಮ್ ಅಂದ್ರೆ ವಯಸ್ಸಾದವರು ಇರೋ ಜಾಗ. ಪ್ರತಿ ಶುಕ್ರವಾರ ಮಧ್ಯಾಹ್ನ ಸೂಪರ್ವೈಸರ್ ಬಾಗಿಲು ಹಾಕ್ಕೊಂಡು ಒಂದು ಗಂಟೆ ಕೂರ್ತಿದ್ರು, ನಾನು ಬರೆದ ಪ್ರೋಸೆಸ್ ರೆಕಾರ್ಡಿಂಗ್ (ಮಾತುಕತೆಯನ್ನ ಆಡಿದ ಹಾಗೇ ಬರೆದಿಡೋದು) ಮೇಲೆ ಪೆನ್ಸಿಲಲ್ಲಿ ಗೀಟು. ಒಂದ್ಸಲ ಒಬ್ಬ ಅಜ್ಜಿ "ನಂಗೆ ಮನೆಗೆ ಹೋಗ್ಬೇಕು" ಅಂದಿದ್ದಕ್ಕೆ ನಾನು "ಇಲ್ಲಿ ಚೆನ್ನಾಗಿ ನೋಡ್ಕೋತಾರಲ್ಲ" ಅಂತ ಸಮಾಧಾನ ಹೇಳಿದ್ದು ಬರ್ದಿದ್ದೆ. ಆ ಸಾಲಿನ ಕೆಳಗೆ ಗೀಟು ಎಳೆದು "ಅವರು ಯಾವ ಮನೆ ಬಗ್ಗೆ ಹೇಳಿದ್ರು, ಕೇಳಿದ್ಯಾ?" ಅಂದ್ರು ಅಷ್ಟೇ. ನಾನು ಕೇಳಿರ್ಲಿಲ್ಲ. ಮುಂದಿನ ವಾರ ಕೇಳಿದೆ, ಅಜ್ಜಿ ಹೇಳಿದ್ದು ಎಪ್ಪತ್ತು ವರ್ಷದ ಹಿಂದೆ ತಾಯಿ ಜೊತೆ ಇದ್ದ ಮನೆ. 900 ಗಂಟೆ ಅಂತ ಸ್ಟ್ಯಾಂಡರ್ಡ್‌ನಲ್ಲಿ ಬರೆದಿರೋದು ಇಂಥ ಶುಕ್ರವಾರಗಳಿಗೋಸ್ಕರ, ನಂಬರ್‌ಗೋಸ್ಕರ ಅಲ್ಲ.

ಕೆಲಸದ ಅನುಭವ ಇರೋರು ಕೇಳ್ತಾರೆ, ಊರಲ್ಲಿ ಎನ್‌ಜಿಓದಲ್ಲಿ ಐದು ವರ್ಷ ದುಡಿದಿದೀನಿ, ಅದಕ್ಕೆ ಕ್ರೆಡಿಟ್ ಕೊಡಲ್ವಾ ಅಂತ. ಇಲ್ಲ. ಹಳೇ ಕೆಲಸಕ್ಕಾಗಲಿ ಜೀವನದ ಅನುಭವಕ್ಕಾಗಲಿ ಕ್ರೆಡಿಟ್ ಕೊಡೋ ಹಾಗಿಲ್ಲ ಅಂತ ಸ್ಟ್ಯಾಂಡರ್ಡ್‌ನಲ್ಲೇ ಇದೆ, ಕೊಡ್ತೀವಿ ಅಂದೋರ ಮೇಲೆ ಡೌಟ್ ಪಡಿ. ಆದ್ರೆ ಓದ್ತಾ ಇರುವಾಗ ಈಗ ಮಾಡ್ತಿರೋ ಕೆಲಸದ ಜಾಗದಲ್ಲೇ ಫೀಲ್ಡ್ ಮಾಡೋಕೆ 2022ರ ಸ್ಟ್ಯಾಂಡರ್ಡ್ ದಾರಿ ಬಿಟ್ಟಿದೆ, ಆ ಕೆಲಸ ಒಂಬತ್ತು ಕಾಂಪಿಟೆನ್ಸಿಗೆ ಹೊಂದಬೇಕು, ಪ್ರೋಗ್ರಾಮ್ ಒಪ್ಪಬೇಕು.

ಇನ್ನು ವೀಸಾ. ಎಚ್4ನಲ್ಲಿ, ಅಂದ್ರೆ ಗಂಡ ಅಥವಾ ಹೆಂಡತಿಯ ಕೆಲಸದ ವೀಸಾ ಜೊತೆ ಬಂದು, ಇರೋರು ಓದ್ಬಹುದು, ಆದ್ರೆ ಸಂಬಳ ಬರೋ ಪ್ಲೇಸ್‌ಮೆಂಟ್‌ಗೆ ವರ್ಕ್ ಪರ್ಮಿಟ್ ಬೇಕು. ಎಫ್1 ಸ್ಟೂಡೆಂಟ್ ವೀಸಾದಲ್ಲಿ ಇರೋರು ಫೀಲ್ಡ್ ಶುರುವಾಗೋ ಮುಂಚೆನೇ ಇಂಟರ್‌ನ್ಯಾಷನಲ್ ಆಫೀಸ್‌ಗೆ ಹೋಗಿ ಸಿಪಿಟಿ (ಓದಿನ ಭಾಗವಾಗಿ ಕೆಲಸ ಮಾಡೋ ಅನುಮತಿ) ವಿಚಾರ ಕೇಳಿ. ಫಿಂಗರ್‌ಪ್ರಿಂಟ್, ಬ್ಯಾಕ್‌ಗ್ರೌಂಡ್ ಚೆಕ್, ಟಿಬಿ ಟೆಸ್ಟ್ ಇವೆಲ್ಲ ತುಂಬಾ ಕಡೆ ಕೇಳ್ತಾರೆ, ಟೈಮ್ ತಗೊಳ್ಳತ್ತೆ. ಡ್ರೈವಿಂಗ್ ಲೈಸೆನ್ಸ್ ಇಲ್ದಿದ್ರೆ ಇವತ್ತೇ ಕಲಿಯೋಕೆ ಶುರು ಮಾಡಿ, ಬಸ್ ಇಲ್ಲದ ಊರಲ್ಲಿ ಪ್ಲೇಸ್‌ಮೆಂಟ್ ಸಿಕ್ಕಿ ಕೈಬಿಟ್ಟೋರನ್ನ ನಾನು ನೋಡಿದೀನಿ.

ಸ್ಟೆಪ್ 4: ಊರಲ್ಲಿ ಮಾಡಿದ ಡಿಗ್ರಿ ನಡಿಯತ್ತಾ ಅಂತ ಮೊದಲು ಕೇಳಿ ನೋಡಿ

ಇದನ್ನ ನಾನು ಮಾಡ್ಲಿಲ್ಲ, ಸೀದಾ ಮತ್ತೆ ಓದೋಕೆ ಹೋದೆ, ನೀವು ಮಾಡಿ. ಬೇರೆ ದೇಶದ ಸೋಶಿಯಲ್ ವರ್ಕ್ ಡಿಗ್ರಿ ಇಲ್ಲಿನ ಬಿಎಸ್‌ಡಬ್ಲ್ಯೂ ಅಥವಾ ಎಂಎಸ್‌ಡಬ್ಲ್ಯೂಗೆ ಸಮಾನವಾ ಅಂತ ಪರಿಶೀಲಿಸೋಕೆ ಸಿಎಸ್‌ಡಬ್ಲ್ಯೂಇಯಲ್ಲೇ ಒಂದು ವಿಭಾಗ ಇದೆ, ಇಂಟರ್‌ನ್ಯಾಷನಲ್ ಸೋಶಿಯಲ್ ವರ್ಕ್ ಡಿಗ್ರಿ ರೆಕಗ್ನಿಷನ್ ಅಂಡ್ ಇವ್ಯಾಲ್ಯುಯೇಷನ್ ಸರ್ವಿಸ್ ಅಂತ. ಬರೀ ಮಾಮೂಲಿ ಟ್ರಾನ್ಸ್‌ಕ್ರಿಪ್ಟ್ ಇವ್ಯಾಲ್ಯುಯೇಷನ್ ಕಂಪನಿ ಕೊಟ್ಟ ರಿಪೋರ್ಟ್ ಲೈಸೆನ್ಸ್ ಬೋರ್ಡ್‌ಗೆ ಸಾಮಾನ್ಯವಾಗಿ ಸಾಕಾಗಲ್ಲ. ಕರ್ನಾಟಕದಲ್ಲಿ ಬಿಎಸ್‌ಡಬ್ಲ್ಯೂ ಮಾಡಿರೋರಿಗೂ ಇದು ಉಪಯೋಗ, ಯಾಕಂದ್ರೆ ಅದು ಸಮಾನ ಅಂತ ಬಂದ್ರೆ ಅಡ್ವಾನ್ಸ್‌ಡ್ ಸ್ಟ್ಯಾಂಡಿಂಗ್‌ಗೆ ಅರ್ಜಿ ಹಾಕೋ ದಾರಿ ತೆಗೆಯತ್ತೆ, ಎರಡು ವರ್ಷದ ಎಂಎಸ್‌ಡಬ್ಲ್ಯೂ ಒಂದು ವರ್ಷದ ಆಸುಪಾಸಿಗೆ ಇಳಿಯತ್ತೆ. ಬಿಎ, ಬಿಕಾಂ ಮಾಡಿ ಆಮೇಲೆ ಎಂಎಸ್‌ಡಬ್ಲ್ಯೂಗೆ ಬಂದೋರಿಗೆ ಆ ದಾರಿ ಇಲ್ಲ, ಅವರ ಎಂಎಸ್‌ಡಬ್ಲ್ಯೂನೇ ಪರಿಶೀಲನೆಗೆ ಹೋಗ್ಬೇಕು.

ಇಲ್ಲಿ ನಮ್ಮೋರು ಸಿಕ್ಕಿಹಾಕ್ಕೊಳ್ಳೋದು ಫೀಲ್ಡ್‌ವರ್ಕ್ ದಾಖಲೆಯಲ್ಲಿ. ಲೆಕ್ಕ ಹಾಕಿ ನೋಡಿ: ವಾರಕ್ಕೆ ಎರಡು ದಿನ, ದಿನಕ್ಕೆ ಏಳೂವರೆ ಗಂಟೆ, ವಾರಕ್ಕೆ 15 ಗಂಟೆ. ಸೆಮಿಸ್ಟರ್‌ಗೆ 16 ವಾರ ಅಂದ್ರೆ 240. ನಾಲ್ಕು ಸೆಮಿಸ್ಟರ್‌ಗೆ 960. ಮೇಲೆ ಗ್ರಾಮೀಣ ಕ್ಯಾಂಪ್, ಬ್ಲಾಕ್ ಪ್ಲೇಸ್‌ಮೆಂಟ್. ನೆಟ್ಟಗೆ ಮಾಡಿದ್ರೆ ನಾವು ಇಲ್ಲಿಯ 900 ದಾಟಿರ್ತೀವಿ! ಆದ್ರೆ ಮಾರ್ಕ್ಸ್ ಕಾರ್ಡ್‌ನಲ್ಲಿ "ಫೀಲ್ಡ್‌ವರ್ಕ್ 100" ಅಂತ ಒಂದು ಸಾಲು, ಎಷ್ಟು ಗಂಟೆ, ಎಲ್ಲಿ, ಯಾರ ಸೂಪರ್ವಿಷನ್, ಏನೂ ಇರಲ್ಲ. ಅದಕ್ಕೆ ಡಿಪಾರ್ಟ್‌ಮೆಂಟ್ ಲೆಟರ್‌ಹೆಡ್‌ನಲ್ಲಿ ಒಂದು ಪತ್ರ ಮಾಡಿಸ್ಕೊಳ್ಳಿ, ಪ್ರತಿ ಸೆಮಿಸ್ಟರ್‌ನ ಏಜೆನ್ಸಿ ಹೆಸರು, ಒಟ್ಟು ಗಂಟೆ, ಏಜೆನ್ಸಿ ಸೂಪರ್ವೈಸರ್‌ನ ವಿದ್ಯಾರ್ಹತೆ, ಐಸಿ ಜಿಸಿ (ಇಂಡಿವಿಜುವಲ್ ಕಾನ್ಫರೆನ್ಸ್, ಗ್ರೂಪ್ ಕಾನ್ಫರೆನ್ಸ್) ವಾರಕ್ಕೆ ಎಷ್ಟು ನಡೀತು, ಇಷ್ಟೂ ಇರ್ಲಿ. ನಿಮಗೆ ಪಾಠ ಮಾಡಿದ ಮೇಷ್ಟ್ರು ರಿಟೈರ್ ಆಗೋ ಮುಂಚೆ ಮಾಡಿಸ್ಕೊಳ್ಳಿ. ಜೊತೆಗೆ ನೀವು ಓದಿದ ವರ್ಷದ ಸಿಲಬಸ್ ಪುಸ್ತಕ, ಈಗಿನದಲ್ಲ, ನಿಮ್ಮ ಬ್ಯಾಚಿಂದು.

ಸ್ಟೆಪ್ 5: ಇರೋ ಸ್ಟೇಟ್‌ನ ಬೋರ್ಡ್ ನಿಯಮ

ಅಕ್ರೆಡಿಟೇಶನ್ ದೇಶಕ್ಕೆಲ್ಲ ಒಂದೇ, ಲೈಸೆನ್ಸ್ ಮಾತ್ರ ಸ್ಟೇಟ್‌ನದ್ದು. ಹೆಸರುಗಳೂ ಬೇರೆಬೇರೆ, ಎಲ್‌ಎಂಎಸ್‌ಡಬ್ಲ್ಯೂ, ಎಲ್‌ಸಿಎಸ್‌ಡಬ್ಲ್ಯೂ ಅಂತೆಲ್ಲ. ಹೆಚ್ಚಿನ ಕಡೆ ಎಎಸ್‌ಡಬ್ಲ್ಯೂಬಿ (ಸೋಶಿಯಲ್ ವರ್ಕ್ ಬೋರ್ಡ್‌ಗಳ ಸಂಘ) ನಡೆಸೋ ಪರೀಕ್ಷೆ ಬರೀಬೇಕು, ಕ್ಲಿನಿಕಲ್ ಲೈಸೆನ್ಸ್‌ಗೆ ಡಿಗ್ರಿ ಆದ ಮೇಲೆ ಸೂಪರ್ವಿಷನ್‌ನಲ್ಲಿ ದುಡಿದ ಗಂಟೆಗಳೂ ಬೇಕು. ಕ್ಯಾಲಿಫೋರ್ನಿಯಾದಲ್ಲಿ ಅದು 3000 ಗಂಟೆ, ಕನಿಷ್ಠ 104 ವಾರ. ಗಂಡನ ಕೆಲಸ ಬದಲಾಗಿ ಸ್ಟೇಟ್ ಬದಲಾಗೋ ಸಾಧ್ಯತೆ ನಮ್ಮೋರಿಗೆ ಜಾಸ್ತಿ, ಅದಕ್ಕೆ ಈಗಿರೋ ಸ್ಟೇಟ್ ಜೊತೆ ಹೋಗ್ಬಹುದಾದ ಒಂದೆರಡು ಸ್ಟೇಟ್ ನಿಯಮಾನೂ ಓದಿಟ್ಕೊಳ್ಳಿ.

ಬೇರೆ ದೇಶಕ್ಕೆ ಹೊರಟೋರಿಗೆ ಚುಟುಕಾಗಿ: ಆಸ್ಟ್ರೇಲಿಯಾದಲ್ಲಿ ಎಎಎಸ್‌ಡಬ್ಲ್ಯೂ ಅನ್ನೋ ಸಂಘ ನೋಡ್ಕೊಳ್ಳತ್ತೆ, 1000 ಗಂಟೆ ಫೀಲ್ಡ್, ವಲಸೆಗೆ ಸ್ಕಿಲ್ ಅಸೆಸ್‌ಮೆಂಟ್ ಮಾಡೋದೂ ಅವರೇ. ಇಂಗ್ಲೆಂಡಲ್ಲಿ 2019ರ ಡಿಸೆಂಬರ್‌ನಿಂದ ಸೋಶಿಯಲ್ ವರ್ಕ್ ಇಂಗ್ಲೆಂಡ್ ಅನ್ನೋ ಸಂಸ್ಥೆ ನೋಡ್ಕೊಳ್ಳತ್ತೆ, ಅಲ್ಲಿ ಫೀಲ್ಡ್ ಲೆಕ್ಕ 200 ದಿನ. ಬೆಂಗಳೂರಲ್ಲೇ ಇದ್ದು ಸೈಕಿಯಾಟ್ರಿಕ್ ಸೋಶಿಯಲ್ ವರ್ಕರ್ ಆಗೋ ಆಸೆ ಇದ್ರೆ 2017ರ ಮೆಂಟಲ್ ಹೆಲ್ತ್‌ಕೇರ್ ಕಾಯ್ದೆಯಲ್ಲಿ ಆ ಪದಕ್ಕೆ ಕೊಟ್ಟಿರೋ ಅರ್ಥ ಓದಿ, ಎಂಎಸ್‌ಡಬ್ಲ್ಯೂ ಮೇಲೆ ಎರಡು ವರ್ಷದ ಫುಲ್‌ಟೈಮ್ ಎಂಫಿಲ್ ಅಂತ ಇದೆ, ನಿಮ್ಹಾನ್ಸ್‌ನಂಥ ಕಡೆ ಜನ ಸಾಲುಗಟ್ಟಿ ಪರೀಕ್ಷೆ ಬರೆದಿದ್ದು ಅದಕ್ಕೇ.

ಈಗ ಕರ್ನಾಟಕದಲ್ಲಿ ಎಂಎಸ್‌ಡಬ್ಲ್ಯೂ ಓದ್ತಾ ಇರೋರಿಗೆ

ವಿದೇಶಕ್ಕೆ ಹೋಗೋ ಯೋಚನೆ ಇವತ್ತು ಇಲ್ದಿರಬಹುದು, ಆದ್ರೂ ಪ್ರತಿ ಫೀಲ್ಡ್‌ವರ್ಕ್ ದಿನದ ತಾರೀಖು, ಬಂದ ಟೈಮ್, ಹೋದ ಟೈಮ್, ಮಾಡಿದ ಕೆಲಸ ಒಂದು ಶೀಟಲ್ಲಿ ಬರೆದು ಏಜೆನ್ಸಿ ಸೂಪರ್ವೈಸರ್ ಹತ್ರ ಸೈನ್ ಹಾಕಿಸಿ, ಸೀಲ್ ಹೊಡಿಸಿ. ರೆಕಾರ್ಡ್ ಬುಕ್ ಡಿಪಾರ್ಟ್‌ಮೆಂಟ್‌ಗೆ ವಾಪಸ್ ಕೊಡೋ ಮುಂಚೆ ಪುಟಪುಟಾನೂ ಫೋಟೋ ತೆಗೆದಿಟ್ಕೊಳ್ಳಿ, ಮೊಬೈಲ್ ಸ್ಕ್ಯಾನರ್ ಆ್ಯಪ್ ಸಾಕು, ನಿಮಗೆ ನೀವೇ ಇಮೇಲ್ ಮಾಡಿ. ನನ್ನ ನೀಲಿ ಬೈಂಡಿನ ನಾಲ್ಕು ರೆಕಾರ್ಡ್‌ಗಳಲ್ಲಿ ಈಗ ಉಳಿದಿರೋದು ಒಂದೇ, ಮೊದಲ ಸೆಮಿಸ್ಟರ್‌ದು, ಅಮ್ಮ ಹಾಸನದ ಮನೆಯ ಅಟ್ಟದಲ್ಲಿ ಪ್ಲಾಸ್ಟಿಕ್ ಕವರ್ ಸುತ್ತಿ ಇಟ್ಟಿದಾರೆ, ಒಳಗೆ ಹಸಿರು ಇಂಕಿನಲ್ಲಿ ಸೂಪರ್ವೈಸರ್ ಸೈನ್ ಇನ್ನೂ ಹಾಗೇ ಇದೆ.